ದಂಡು ಪ್ರದೇಶದ ಹೆಗಲು ನೋವು: ದುಡಿಮೆ ಮತ್ತು ಚಿಕಿತ್ಸೆ

ದೇಹದಲ್ಲಿ ಅತಿ ಸಡಿಲವಾಗಿ ಹೊರಳುವ ಕೀಲು ಭುಜದ್ದು. ತೋಳಿನ ಮೂಳೆಯ ದುಂಡನೆಯ ತುದಿ ಇಲ್ಲಿ ಆಳವಿಲ್ಲದ ಗುಳಿಯೊಂದಕ್ಕೆ ಆತುಕೊಂಡಿರುತ್ತದೆ. ಅದು ಜಾರದಂತೆ ಹಿಡಿದಿಡುವಲ್ಲಿ ಸುತ್ತಲಿನ ನಾಲ್ಕು ಸ್ನಾಯುಗಳ ಪಾತ್ರ ದೊಡ್ಡದು. ಸದಾ ಭಾರ ಹೊತ್ತರೆ, ಕೈ ಮೇಲೆತ್ತಿ ದುಡಿದರೆ, ವಯಸ್ಸಾದರೆ ಈ ಸ್ನಾಯುಗಳ ಕಂಡರೆಗಳು ಸವೆಯುತ್ತವೆ.

ಬೆಂಗಳೂರಿನ ದಂಡು ಇಂಥ ದುಡಿಮೆಯ ಮೇಲೆಯೇ ನಿಂತ ಊರು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಹೂಡಿದ ಮೇಲೆ ಮದರಾಸು ಪ್ರಾಂತ್ಯದಿಂದ ಕೂಲಿಕಾರರೂ ವ್ಯಾಪಾರಿಗಳೂ ಬಂದು ನೆಲೆಸಿದರು. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣಿನ ಮೂಟೆಗಳು ಹಮಾಲಿಗಳ ಹೆಗಲೇರಿದವು. 1948ರಲ್ಲಿ ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆ ಶುರುವಾದಾಗ, ದಿನವಿಡೀ ಒಂದೇ ಬಗೆಯಲ್ಲಿ ಕೈಯಾಡಿಸುವ ಕೆಲಸವೂ ಈ ಭಾಗಕ್ಕೆ ಬಂತು.

ಚಿಕಿತ್ಸೆಗೆ ಎರಡು ದಾರಿಗಳಿದ್ದವು. ಒಂದು, 1860ರ ದಶಕದಲ್ಲಿ ಪ್ಯಾರಿಸ್ಸಿನ ಲಾರಿಬೋಸಿಯರ್ ಆಸ್ಪತ್ರೆಯ ಮಾದರಿಯಲ್ಲಿ ಕಟ್ಟಿದ, ಕಮಿಷನರ್ ಬೌರಿಂಗ್ ಹೆಸರಿನ ಆಸ್ಪತ್ರೆ. ಇನ್ನೊಂದು, ಮೂಳೆ ಕಟ್ಟುವವರ ಕೈ. ಆಂಧ್ರದ ಪುತ್ತೂರಿನ ರಾಜು ಮನೆತನದಿಂದ ಹೆಸರಾದ 'ಪುತ್ತೂರು ಕಟ್ಟು' ಬೆಂಗಳೂರಿನಲ್ಲೂ ಬೇರೂರಿತು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ ಸೇರಿ ಆ ಕಟ್ಟು. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿಯುವವರೆಗೆ ವೈದ್ಯರೂ ಕಟ್ಟುವವರೂ ಜಾರಿದ ಕೀಲನ್ನು ಬೆರಳಿನಿಂದ ಮುಟ್ಟಿಯೇ ತಿಳಿಯಬೇಕಿತ್ತು.

ಆದರೆ ಎಲ್ಲ ಹೆಗಲು ನೋವಿಗೂ ಕಟ್ಟು ಮದ್ದಲ್ಲ. ಸುಶ್ರುತ ಸಂಹಿತೆ 'ಅವಬಾಹುಕ' ಎಂದು ಹೆಸರಿಸುವ ತೊಂದರೆಯಲ್ಲಿ ತೋಳಿನ ಚಲನೆ ಕುಂದುತ್ತದೆ. ಇದನ್ನೇ ಹೋಲುವ ಬಿಗಿತಕ್ಕೆ ಅಮೆರಿಕದ ಶಸ್ತ್ರವೈದ್ಯ ಕಾಡ್ಮನ್ 1934ರಲ್ಲಿ 'ಫ್ರೋಜನ್ ಶೋಲ್ಡರ್' ಎಂಬ ಹೆಸರು ಕೊಟ್ಟ. ಕೀಲಿನ ಸುತ್ತಲಿನ ಚೀಲ ಉರಿಯೂತದಿಂದ ದಪ್ಪವಾಗಿ ಕುಗ್ಗುವುದೇ ಇದರ ಮೂಲ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಇಂಥ ಭುಜವನ್ನು ಬಹುಕಾಲ ಕಟ್ಟಿಟ್ಟರೆ ಬಿಗಿತ ಏರುತ್ತದೆ.

ಮುರಿದ ಮೂಳೆಗೆ ಕಟ್ಟು ಬೇಕು. ಜಾರಿದ ಕೀಲನ್ನು ಮೊದಲು ಸರಿಯಾಗಿ ಕೂರಿಸಿ, ಆಮೇಲೆ ಕೆಲಕಾಲ ವಿಶ್ರಾಂತಿ ಕೊಡಬೇಕು. ಬಿಗಿದ ಭುಜಕ್ಕೆ ನೋವು ತಾಳುವಷ್ಟು ವ್ಯಾಯಾಮ, ಅಗತ್ಯವಿದ್ದರೆ ಸ್ಟೆರಾಯ್ಡ್ ಚುಚ್ಚುಮದ್ದು, ಸಕ್ಕರೆಯ ಹತೋಟಿ ಬೇಕು. ಮುಂದೆ ಬಾಗಿ ತೋಳನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮಕ್ಕೂ ಕಾಡ್ಮನ್‌ನ ಹೆಸರೇ ಇದೆ. ಎಡ ಹೆಗಲಿನ ನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ಅದು ಹೃದಯದ ಸೂಚನೆಯಾಗಿರಬಹುದು. ಆಗ ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆ ಸೇರಬೇಕು.