ಮನೆಮಾತು ಮತ್ತು ಕೇಳದ ಕಿವಿ: ಧಾರವಾಡ ಸೀಮೆಯ ಕಿವುಡ ಮಕ್ಕಳ ಭಾಷಾಕಲಿಕೆಯ ಹಿನ್ನೆಲೆ

ಧಾರವಾಡ ಜಿಲ್ಲೆಯ ಹಳ್ಳಿಗಳ ಕಿವುಡ ಮಕ್ಕಳು ಬ್ರಿಟಿಷರ ಕಾಲದ ಸರಕಾರಿ ದಾಖಲೆಗಳಲ್ಲಿ ಕಾಣಸಿಗುವುದು ಹೆಚ್ಚಾಗಿ ಜನಗಣತಿಯ ಲೆಕ್ಕದಲ್ಲಿ. 1881ರಿಂದ 1931ರವರೆಗಿನ ಗಣತಿಗಳಲ್ಲಿ ಕುರುಡರು, ಕುಷ್ಠರೋಗಿಗಳು ಮತ್ತು ಬುದ್ಧಿಭ್ರಮಣೆಯುಳ್ಳವರ ಜೊತೆಗೆ ಕಿವುಡ-ಮೂಕರನ್ನೂ ಎಣಿಸಲಾಗುತ್ತಿತ್ತು. ಸ್ವಾತಂತ್ರ್ಯಾನಂತರ ದೀರ್ಘಕಾಲ ನಿಂತಿದ್ದ ಈ ಬಗೆಯ ಎಣಿಕೆ 1981ರಲ್ಲಿ ಮರಳಿ ಬಂದಾಗ ಪೂರ್ಣ ಕುರುಡರು, ಪೂರ್ಣ ಅಂಗವಿಕಲರು ಮತ್ತು ಪೂರ್ಣ ಮೂಕರನ್ನಷ್ಟೇ ಗುರುತಿಸಲಾಯಿತು. ಶ್ರವಣದೋಷಕ್ಕೆ ತನ್ನದೇ ಆದ ಕಲಮು ದೊರೆತದ್ದು 2001ರಲ್ಲಿ. ಹುಟ್ಟಿನಿಂದ ಕಿವಿ ಕೇಳದ ಕೂಸಿಗೆ ಸಾಮಾನ್ಯವಾಗಿ ನಾಲಗೆಯಲ್ಲಿಯಾಗಲಿ ಗಂಟಲಲ್ಲಿಯಾಗಲಿ ದೋಷವಿರುವುದಿಲ್ಲ, ಸುತ್ತಲಿನ ಮಾತು ಕಿವಿಗೆ ಬೀಳದ ಕಾರಣ ಅದು ಮಾತು ಕಲಿಯುವುದಿಲ್ಲ ಎಂಬ ಸರಳ ಸಂಗತಿ ಗಣತಿಯ ನಮೂನೆಯಲ್ಲಿಯೇ ಮರೆಯಾಗಿದ್ದಾಗ, ಊರಿನವರು ಅಂಥ ಕೂಸನ್ನು ‘ಮೂಗ’ನೆಂದು ಕರೆದು ಸುಮ್ಮನಾದದ್ದಕ್ಕೆ ಅವರೊಬ್ಬರನ್ನೇ ದೂಷಿಸಲಾಗದು.

ಇಂಥ ಮಕ್ಕಳಿಗೆಂದೇ ಶಾಲೆಗಳು ಹುಟ್ಟಿಕೊಂಡದ್ದೂ ಬ್ರಿಟಿಷರ ಕಾಲದಲ್ಲಿಯೇ. ಮುಂಬಯಿಯಲ್ಲಿ 1885ರ ಸುಮಾರಿಗೆ, ಮೈಸೂರಿನಲ್ಲಿ 1901ರಲ್ಲಿ ಕಿವುಡರ ಶಿಕ್ಷಣ ಆರಂಭವಾಯಿತು. 1956ರವರೆಗೆ ಧಾರವಾಡವು ಮೊದಲು ಮುಂಬಯಿ ಪ್ರಾಂತಕ್ಕೂ ಆಮೇಲೆ ಮುಂಬಯಿ ರಾಜ್ಯಕ್ಕೂ ಸೇರಿದ್ದರಿಂದ ಕನ್ನಡ ನಾಡಿನದೇ ಆದ ಮೈಸೂರಿನ ಶಾಲೆಯು ಪರರಾಜ್ಯದ್ದಾಗಿತ್ತು. ಪ್ರಾಂತದ ರಾಜಧಾನಿಯಾದ ಮುಂಬಯಿಯ ಶಾಲೆಯು ದೂರದ, ಬೇರೆ ನುಡಿಯ ಊರಿನಲ್ಲಿತ್ತು. ಮಳೆಯನ್ನೇ ನಂಬಿದ ನವಲಗುಂದ, ಕುಂದಗೋಳಗಳ ಎರೆಹೊಲದ ರೈತನಿಗೆ ಇವೆರಡೂ ಎಟಕುವಂತಿರಲಿಲ್ಲ. ಇದಲ್ಲದೆ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನವು ಕೈಸನ್ನೆಯನ್ನು ಕೈಬಿಟ್ಟು, ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವ ಮತ್ತು ಬಾಯಿಂದಲೇ ಆಡುವ ಕ್ರಮವನ್ನು, ಎಂದರೆ ಮೌಖಿಕ ಪದ್ಧತಿಯನ್ನು, ಎತ್ತಿಹಿಡಿದಿತ್ತು. ಆ ತೀರ್ಮಾನದ ನೆರಳು ಭಾರತದ ಶಾಲೆಗಳ ಮೇಲೂ ಬಹುಕಾಲ ಉಳಿಯಿತು.

ಮೌಖಿಕ ಪದ್ಧತಿಯು ಒಂದೇ ಭಾಷೆಯನ್ನು ಹಿಡಿದು ಹಗಲಿರುಳು ತಿದ್ದಬೇಕೆಂದು ಬಯಸುತ್ತಿತ್ತು, ಆದರೆ ಈ ಸೀಮೆಯ ಮನೆಗಳು ಒಂದೇ ಭಾಷೆಯವಲ್ಲ. ಕಲಘಟಗಿ ತಾಲೂಕಿನ ತಾಂಡಾಗಳಲ್ಲಿ ಕೂಸು ಹುಟ್ಟುವುದು ಲಂಬಾಣಿ ನುಡಿಯ ನಡುವೆ. ಜಮಖಾನೆಗೆ ಹೆಸರಾದ ನವಲಗುಂದದ ನೇಕಾರ ಮನೆಗಳಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಆಡುವುದು ದಖ್ಖನಿ ಉರ್ದು, ಬೀದಿಗಿಳಿದರೆ ಕನ್ನಡ. ನಿಂತ ಮಗ್ಗದ ಮುಂದೆ ಕುಳಿತು, ಬಣ್ಣದ ನೂಲನ್ನು ತೂರಿಸಿ ಕಬ್ಬಿಣದ ಪಂಜೆಯಿಂದ ಬಡಿದು ಕೂರಿಸುವ ತಾಯಿಯ ಮುಖವು ಹಾಸಿನ ಕಡೆಗಿರುತ್ತದೆ. ಕೇಳುವ ಕೂಸು ಬೆನ್ನ ಹಿಂದೆ ಆಡುತ್ತಲೇ ಅವಳ ಮಾತನ್ನು, ನೂಲಿನ ಬಣ್ಣಗಳ ಹೆಸರನ್ನು ಹೀರಿಕೊಳ್ಳುತ್ತದೆ. ಕೇಳದ ಕೂಸಿಗೆ ಆ ತುಟಿಗಳೂ ಕಾಣುವುದಿಲ್ಲ. ತಾಯಿ ಪಂಜೆಯನ್ನು ಕೆಳಗಿಟ್ಟು, ತಿರುಗಿ, ನೂಲಿನ ಉಂಡೆಯನ್ನು ಎತ್ತಿ ತೋರಿಸಿ ಆಡಿದಾಗ ಮಾತ್ರ ಅದಕ್ಕೆ ಅದು ಮಾತಾಗುತ್ತದೆ. ದುಡಿಮೆಯ ನಡುವೆ ಇಂಥ ಬಿಡುವು ಎಷ್ಟು ಬಾರಿ ಸಿಕ್ಕೀತು ಎಂಬುದನ್ನು ಪಾಲಕರಿಗೆ ಸಲಹೆ ಕೊಡುವವರು ಮೊದಲು ಯೋಚಿಸಬೇಕು.

ಎರಡು ನುಡಿಯ ಮನೆಗಳಿಗೆ ತಜ್ಞರು ಬಹುಕಾಲ ಕೊಡುತ್ತ ಬಂದ ಸಲಹೆಯೆಂದರೆ, ಕೂಸಿಗೆ ಗೊಂದಲವಾಗದಂತೆ ಮನೆಮಾತನ್ನು ಬಿಟ್ಟು ಶಾಲೆಯ ಭಾಷೆಯನ್ನೇ ಆಡಬೇಕೆಂಬುದು. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ ಮನೆಗಳ ಕಿವುಡ ಮಕ್ಕಳ ತಾಯಂದಿರೂ ಇಂಗ್ಲಿಷನ್ನೇ ಆಡಿರೆಂಬ ಇದೇ ಮಾತನ್ನು ಕೇಳಿದ್ದರು. ಬೇಗ ಶ್ರವಣ ಸಾಧನ ದೊರೆತ ಮಕ್ಕಳು ಎರಡು ಭಾಷೆಗಳನ್ನೂ ಕಲಿಯಬಲ್ಲರೆಂದು ಈಚಿನ ದಶಕಗಳ ಅಧ್ಯಯನಗಳು ತೋರಿಸಿದ ಮೇಲೆ ಅಲ್ಲಿ ಆ ಸಲಹೆ ಹಿಂದೆ ಸರಿಯತೊಡಗಿತು. ಅರೆಬರೆ ಬಲ್ಲ ಭಾಷೆಯಲ್ಲಿ ತಾಯಿಯು ‘ಬಾ’, ‘ಉಣ್ಣು’, ‘ಮಲಗು’ ಎಂಬಷ್ಟಕ್ಕೇ ನಿಲ್ಲುತ್ತಾಳೆ; ತನ್ನ ನುಡಿಯಲ್ಲಾದರೆ ಗದರುತ್ತಾಳೆ, ಮುದ್ದಿಸುತ್ತಾಳೆ, ಕಥೆ ಕಟ್ಟುತ್ತಾಳೆ. ಭಾಷೆ ಬೆಳೆಯುವುದು ಈ ಎರಡನೆಯ ಬಗೆಯ ಮಾತಿನಿಂದಲೇ ಆದ್ದರಿಂದ, ಮನೆಮಾತನ್ನು ಬಿಡಿಸಿದ ಸಲಹೆಯು ಮಕ್ಕಳಿಗೆ ನಷ್ಟವನ್ನೇ ಮಾಡಿತೆಂದು ಹೇಳಬೇಕಾಗುತ್ತದೆ.

ಶಾಲೆ ಕಾಣದ ಮಕ್ಕಳು ಮನೆಯವರೊಡನೆ ತಾವೇ ಕಟ್ಟಿಕೊಂಡ ಕೈಸನ್ನೆಗಳನ್ನು, ಎಂದರೆ ಆ ಮನೆಯಾಚೆ ಯಾರಿಗೂ ತಿಳಿಯದ ಮನೆಸನ್ನೆಗಳನ್ನು, ನೆಚ್ಚಿ ಬದುಕಿದರು. ತನ್ನದೇ ವ್ಯಾಕರಣವುಳ್ಳ ಭಾರತೀಯ ಸಂಜ್ಞಾಭಾಷೆಯು ನಗರಗಳ ಕಿವುಡ ಸಮುದಾಯಗಳಲ್ಲಿ ಬಳಕೆಯಲ್ಲಿದ್ದರೂ ಅದರ ಸಂಶೋಧನೆ ಮತ್ತು ತರಬೇತಿಗೆಂದೇ ದೆಹಲಿಯಲ್ಲಿ ಕೇಂದ್ರ ಸ್ಥಾಪನೆಯಾದದ್ದು 2015ರಲ್ಲಿ. 3,000 ಪದಗಳ ಆ ಕೇಂದ್ರದ ಮೊದಲ ನಿಘಂಟು ಹೊರಬಂದದ್ದು 2018ರಲ್ಲಿ. ಮನೆಮಾತು ಯಾವುದೇ ಇರಲಿ, ಸಂಜ್ಞಾಭಾಷೆಯನ್ನು ಬಲ್ಲವರು ಬಳಿಯಿದ್ದರೆ ಕಿವಿ ಕೇಳದ ಕೂಸಿಗೆ ಕಣ್ಣಿನ ಮೂಲಕ ಪೂರ್ಣ ಭಾಷೆಯೊಂದು ದಕ್ಕುತ್ತದೆ ಎಂಬ ಅರಿವು ಹಳ್ಳಿಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದ ಮೇಲೆ ತಾಯಿಯನ್ನೇ ಕಲಿಕೆಯ ಪಾಲುದಾರಳನ್ನಾಗಿ ಮಾಡುವ ಕ್ರಮವು ಕರ್ನಾಟಕದಲ್ಲಿ ಬೇರೂರಿತು. ಆದರೆ 400 ಕಿಲೋಮೀಟರಿಗೂ ದೂರದ ಊರಿಗೆ ಹೋಗಿ ಕೂಸಿನೊಡನೆ ನಿಲ್ಲುವುದು ಕೂಲಿ ಬಿಡಲಾರದ ತಾಯಿಗೆ ಸುಲಭವಲ್ಲ. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ಅಂಗನವಾಡಿಗಳಿಗೇ ತಪಾಸಣೆಯ ತಂಡಗಳು ಬರುವಂತಾಯಿತು. ಒಳಗಿವಿಯ ಶ್ರವಣನರಕ್ಕೆ ವಿದ್ಯುತ್ ಸಂಕೇತ ಕಳಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನು ಸರಕಾರಿ ನೆರವಿನಿಂದ ಪಡೆಯುವುದೂ ಸಾಧ್ಯವಾಯಿತು. ಶಸ್ತ್ರಚಿಕಿತ್ಸೆ ಕೆಲವು ತಾಸಿನ ಕೆಲಸ, ಅದರ ಬೆನ್ನಿಗೆ ಬರುವ ಆಲಿಸುವ ಮತ್ತು ಮಾತಾಡುವ ತರಬೇತಿ ವರ್ಷಗಳದ್ದು. ಆ ತರಬೇತಿಯ ಚಿತ್ರಪಟ, ಪದಪಟ್ಟಿ, ಮನೆಗೆ ಕೊಟ್ಟು ಕಳಿಸುವ ಅಭ್ಯಾಸಗಳು ಕನ್ನಡದಲ್ಲಿ ಮಾತ್ರವಲ್ಲದೆ ದಖ್ಖನಿಯಲ್ಲಿಯೂ ಲಂಬಾಣಿಯಲ್ಲಿಯೂ ಸಿದ್ಧವಾಗಬೇಕು. ಲಂಬಾಣಿಗೆ ಸ್ವಂತ ಲಿಪಿಯಿಲ್ಲವೆಂಬುದು ಇದಕ್ಕೆ ಅಡ್ಡಿಯಾಗಬೇಕಿಲ್ಲ, ಏಕೆಂದರೆ ತಾಂಡಾದ ತಾಯಿಗೆ ಬೇಕಾದ ಅಭ್ಯಾಸವನ್ನು ಅವಳದೇ ನುಡಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಡಬಹುದು, ಓದು ಬಾರದಿದ್ದರೆ ಮಾಡಿ ತೋರಿಸಬಹುದು.