ಮಣ್ಣಿನ ರೊಕ್ಕ

ನಮ್ಮ ಚಿಕ್ಕನರಗುಂದದ ಕಡೆ ಯಾರಾದರೂ "ಮಣ್ಣಿಗೆ ಹೋಗಿ ಬಂದೆ" ಅಂದರೆ ಶವಸಂಸ್ಕಾರಕ್ಕೆ ಹೋಗಿ ಬಂದರು ಅಂತ ಅರ್ಥ. ಹೆಸರಿಗೆ ಮಣ್ಣು. ಆದರೆ ಬಡವರ ಮನೆಯಲ್ಲಿ ಅದಕ್ಕೂ ಆಮೇಲಿನ ದಿನದ ಊಟಕ್ಕೂ ಮಾಡಿದ ಸಾಲ ಎರಡು ಸುಗ್ಗಿ ಕಳೆದರೂ ತೀರದೆ ಇರುವುದುಂಟು. ಬದುಕಿದ್ದಾಗಲೇ ಎಲ್ಲ ಗೊತ್ತುಮಾಡಿ ರೊಕ್ಕ ತೆಗೆದಿಟ್ಟರೆ ಹೇಗೆ ಅಂತ ಕೇಳಿ ನೋಡಿ, "ಬಿಡ್ತು ಅನ್ನು" ಎನ್ನುತ್ತಾರೆ! ಇದೇನೋ ಪರದೇಶದ ಪದ್ಧತಿ ಅನ್ನುವ ಭಾವನೆ. ನಮ್ಮ ಸೀಮೆಯ ಇತಿಹಾಸ ಬೇರೆಯೇ ಹೇಳುತ್ತದೆ.

ನರಗುಂದದ ಮೇಲೆ ಹಾಯ್ದು ಹೋಗುವ ಹುಬ್ಬಳ್ಳಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ವಿಜಯಪುರ. ಅಲ್ಲಿನ ಇಬ್ರಾಹಿಂ ರೋಜಾದ ಗೋಡೆಯ ಮೇಲೆ ಖರ್ಚಿನ ಲೆಕ್ಕವೇ ಇದೆ. ತಾಜ್ ಸುಲ್ತಾನಾಳ ಅಪ್ಪಣೆಯಂತೆ ಮಲಿಕ್ ಸಂದಲ್ ಕಟ್ಟಿಸಿದ್ದು, ತಗುಲಿದ್ದು ಒಂದೂವರೆ ಲಕ್ಷದ ಮೇಲೆ 900 ಹೊನ್ನು ಅಂತ ಶಾಸನ ಹೇಳುತ್ತದೆ. ಕೆಲಸ ಮುಗಿದದ್ದು 1626ರಲ್ಲಿ. ಮರುವರ್ಷವೇ ಎರಡನೇ ಇಬ್ರಾಹಿಂ ಆದಿಲ್ ಶಾಹ ತೀರಿಕೊಂಡಾಗ ಗೋರಿ ಸಿದ್ಧವಾಗಿತ್ತು. ಮಗ ಮೊಹಮ್ಮದ್ ಆದಿಲ್ ಶಾಹನೂ ಬದುಕಿದ್ದಾಗಲೇ ಗೋಳಗುಮ್ಮಟ ಕಟ್ಟಿಸಿ, 1656ರಲ್ಲಿ ಅಲ್ಲಿಯೇ ಮಣ್ಣಾದ. ಮೊಮ್ಮಗ ಎರಡನೇ ಅಲಿಯದು ಮಾತ್ರ ಅರ್ಧಕ್ಕೇ ನಿಂತಿತು. 1672ರಲ್ಲಿ ಅವನು ಸತ್ತಾಗ ಕಮಾನುಗಳಷ್ಟೇ ಎದ್ದಿದ್ದವು. ಪಟ್ಟಕ್ಕೆ ಬಂದವನು ಎಳೆಯ ಹುಡುಗ ಸಿಕಂದರ್. 1686ರಲ್ಲಿ ರಾಜ್ಯ ಔರಂಗಜೇಬನ ಪಾಲಾಯಿತು. ಬಾರಾ ಕಮಾನ್ ಇಂದಿಗೂ ಚಾವಣಿಯಿಲ್ಲದೆ ನಿಂತಿದೆ. ತಾನಿರುವಾಗ ಮುಗಿದದ್ದಷ್ಟೇ ಗಟ್ಟಿ!

ಸುಲ್ತಾನರ ಮಾತು ಬಿಡಿ, ನಮ್ಮ ನರಗುಂದಕ್ಕೇ ಬರೋಣ. ಬಾಬಾಸಾಹೇಬ ಅಂತ ನಾವು ಕರೆಯುವ ಭಾಸ್ಕರರಾವ್ ಭಾವೆಯ ಬಂಡಾಯವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರ ಮೂಲದಲ್ಲಿ ಇದ್ದದ್ದು ದತ್ತಕದ ಪ್ರಶ್ನೆ. ಮಕ್ಕಳಿಲ್ಲದ ಹಿಂದೂ ಮನೆಯಲ್ಲಿ ದತ್ತು ತೆಗೆದುಕೊಳ್ಳುವುದು ಆಸ್ತಿಗಾಗಿ ಮಾತ್ರ ಅಲ್ಲ. ನಾಳೆ ಚಿತೆಗೆ ಬೆಂಕಿ ಇಡುವವರು ಯಾರು, ಪಿಂಡ ಹಾಕುವವರು ಯಾರು ಅನ್ನುವುದನ್ನು ಇಂದೇ ಗೊತ್ತುಮಾಡಿಕೊಳ್ಳುವ ದಾರಿ ಅದು. ಡಾಲ್‌ಹೌಸಿ ಸಾತಾರಾ, ಝಾನ್ಸಿ ಸಂಸ್ಥಾನಗಳ ವಿಷಯದಲ್ಲಿ ಇವೆರಡನ್ನೂ ಜಾಣತನದಿಂದ ಬೇರೆ ಮಾಡಿದ: ದತ್ತುಮಗ ಕ್ರಿಯಾಕರ್ಮ ಮಾಡಲಿ, ಸ್ವಂತ ಆಸ್ತಿ ಪಡೆಯಲಿ, ರಾಜ್ಯ ಮಾತ್ರ ಕಂಪನಿಗೆ. ಬಾಬಾಸಾಹೇಬನಿಗಂತೂ ದತ್ತು ತೆಗೆದುಕೊಳ್ಳುವ ಅನುಮತಿಯೇ ಸಿಗಲಿಲ್ಲ. ಆಯುಧ ಒಪ್ಪಿಸಬೇಕೆಂಬ ಆಜ್ಞೆಯೂ ಸೇರಿ ಸಿಟ್ಟು ಹೊತ್ತಿಕೊಂಡಿತು. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸತ್ತ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಕೋಟೆ ಇದ್ದ ದೊರೆಗೂ ತನ್ನ ಅಂತ್ಯದ ಏರ್ಪಾಡು ತನ್ನ ಕೈಯಲ್ಲಿ ಉಳಿಯಲಿಲ್ಲ.

ಹಾಗಾದರೆ ಕೋಟೆಯೂ ಇಲ್ಲದ, ಹೊನ್ನೂ ಇಲ್ಲದ ಬಡವರು ಏನು ಮಾಡಬೇಕು? ಇದಕ್ಕೆ ಉತ್ತರ ಬಹಳ ದೂರದಲ್ಲಿ, ರೋಮ್ ಹತ್ತಿರದ ಲಾನುವಿಯಂ ಎಂಬ ಊರಲ್ಲಿ ಸಿಗುತ್ತದೆ. ಕ್ರಿ.ಶ. 136ರ ಅಲ್ಲಿನ ಶಾಸನವೊಂದರಲ್ಲಿ ಮಣ್ಣಿನ ಸಂಘದ ಕರಾರೇ ಇದೆ. ಸೇರುವಾಗ 100 ಸೆಸ್ಟರ್ಸ್ ಮತ್ತು ಒಂದು ಕೊಡ ಒಳ್ಳೆಯ ದ್ರಾಕ್ಷಾರಸ, ಆಮೇಲೆ ತಿಂಗಳಿಗೆ 5 ಆಸ್ ಎಂಬ ಚಿಲ್ಲರೆ ಕಾಸು. ಸತ್ತರೆ 300 ಸೆಸ್ಟರ್ಸ್. ಅದರಲ್ಲಿ 50 ಅನ್ನು ಚಿತೆಯ ಬಳಿ ಬಂದವರಿಗೆ ಹಂಚಬೇಕು. ಊರಿಂದ 20 ಮೈಲಿಗಿಂತ ದೂರ ಸತ್ತ ಸುದ್ದಿ ಬಂದರೆ ಸಂಘದ ಮೂವರು ಹೋಗಿ ಕಾರ್ಯ ಮಾಡಬೇಕು. ಗುಲಾಮರೂ ಸದಸ್ಯರು! ಒಡೆಯ ಹೆಣ ಕೊಡದಿದ್ದರೆ ಪ್ರತಿಮೆ ಇಟ್ಟಾದರೂ ಸಂಸ್ಕಾರ ನಡೆಯಬೇಕು. ಬಾಬಾಸಾಹೇಬನಿಗೆ ಸಿಗದ ಭರವಸೆ ಆ ಗುಲಾಮನಿಗೆ ತಿಂಗಳಿಗೆ ಐದು ಕಾಸಿನಲ್ಲಿ ಸಿಕ್ಕಿತ್ತು ನೋಡಿ.

ನಮ್ಮಲ್ಲಿ ಭಿಸಿ ಇದೆ, ಸ್ತ್ರೀಶಕ್ತಿ ಸಂಘಗಳಿವೆ. ಮದುವೆಗೆ, ಬೀಜ ಗೊಬ್ಬರಕ್ಕೆ ರೊಕ್ಕ ಕೂಡಿಸುವ ನಾವು ಮಣ್ಣಿಗೂ ಒಂದಿಷ್ಟು ಕೂಡಿಸಿದರೆ ತಪ್ಪೇನು? ಒಂದು ಎಚ್ಚರಿಕೆ: ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲೇ ಇಟ್ಟರೆ ನಾಮಿನಿಯೂ ಮರಣ ಪ್ರಮಾಣಪತ್ರ ತರಬೇಕು. ಮಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆಯೇ ಒಳ್ಳೆಯದು. ಜೊತೆಗೆ ಹೊಲದಲ್ಲೋ ರುದ್ರಭೂಮಿಯಲ್ಲೋ, ಹೂಳುವುದೋ ಸುಡುವುದೋ, ದಿನಕ್ಕೆ ಎಷ್ಟು ಜನಕ್ಕೆ ಊಟ ಅನ್ನುವುದನ್ನು ಮಕ್ಕಳ ಮುಂದೆ ಹೇಳಿಬಿಡಬೇಕು. "ಅಪ್ಪ ಇಷ್ಟೇ ಸಾಕು ಅಂದಿದ್ದ" ಅನ್ನುವ ಒಂದು ಮಾತಿದ್ದರೆ ನೆಂಟರಿಷ್ಟರ ಎದುರು ಮಗ ತಲೆ ತಗ್ಗಿಸಬೇಕಾಗಿಲ್ಲ, ಸಾಲವನ್ನೂ ಎತ್ತಬೇಕಾಗಿಲ್ಲ.

ಸತ್ತವರಿಗೆ ಖರ್ಚಿನ ಚಿಂತೆಯಿಲ್ಲ. ಅದು ಉಳಿದವರ ಪಾಲು. ಅಷ್ಟನ್ನು ಅವರ ತಲೆಯಿಂದ ಇಳಿಸಿ ಹೋದರೆ ಅವರು ನೆಮ್ಮದಿಯಿಂದ ಅತ್ತಾರು.