ಮಂಗಳೂರಿನಲ್ಲಿ ಮನೆಯ ಮಾರಾಟಪೂರ್ವ ಮೌಲ್ಯಮಾಪನ

ಮನೆಯ ಮಾರಾಟಪೂರ್ವ ಮೌಲ್ಯಮಾಪನ ಎಂದರೆ ಮನೆಯೊಂದನ್ನು ಮಾರುವ ಮುನ್ನ ಅದರ ನಿವೇಶನ, ಕಟ್ಟಡ ಹಾಗೂ ಹಕ್ಕುಪತ್ರಗಳನ್ನು ಅರ್ಹ ಮೌಲ್ಯಮಾಪಕರಿಂದ ಪರಿಶೀಲನೆಗೆ ಒಳಪಡಿಸಿ ಅದರ ನ್ಯಾಯವಾದ ಬೆಲೆಯನ್ನು ಲಿಖಿತವಾಗಿ ಪಡೆಯುವ ಕ್ರಮ. ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರವಾದ ಮಂಗಳೂರಿನಲ್ಲಿ ಈ ಕ್ರಮಕ್ಕೆ ಕೆಲವು ವಿಶೇಷಗಳಿವೆ. ಮೂಲಗೇಣಿಯಂತಹ ಹಳೆಯ ಭೂಹಿಡುವಳಿ ಪದ್ಧತಿ, ಮುರಕಲ್ಲು ಮತ್ತು ಹೆಂಚಿನ ಕಟ್ಟಡಗಳು, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆ ಹಾಗೂ ಏರುತಗ್ಗಿನ ನೆಲ ಇವುಗಳಲ್ಲಿ ಮುಖ್ಯವಾದವು. ಮಕ್ಕಳು ಮುಂಬಯಿಯಲ್ಲೋ ಗಲ್ಫ್ ದೇಶಗಳಲ್ಲೋ ನೆಲೆಸಿ, ಹಿರಿಯರು ಮಾತ್ರ ಉಳಿದಿರುವ ಅನೇಕ ಕುಟುಂಬಗಳಿಗೆ ಮನೆಯೇ ಜೀವಮಾನದ ಏಕೈಕ ಗಳಿಕೆ. ಆದುದರಿಂದ ಮೌಲ್ಯಮಾಪನದ ಸಿದ್ಧತೆಯಲ್ಲಾಗುವ ಲೋಪವು ಅವರ ಮುಂದಿನ ಬದುಕಿನ ಮೇಲೆ ನೇರ ಪರಿಣಾಮ ಬೀರುತ್ತದೆ.

ಬೆಲೆಯ ಬಗೆಗಳು

ಒಂದೇ ಮನೆಗೆ ಏಕಕಾಲದಲ್ಲಿ ಮೂರು ಬಗೆಯ ಬೆಲೆಗಳಿರುತ್ತವೆ.

ಮಾರುಕಟ್ಟೆ ಬೆಲೆ: ಒತ್ತಾಯವಿಲ್ಲದ ಮಾರಾಟಗಾರ ಮತ್ತು ವಿಷಯ ತಿಳಿದ ಖರೀದಿದಾರ ಪರಸ್ಪರ ಒಪ್ಪಬಹುದಾದ ಬೆಲೆ.

ಮಾರ್ಗಸೂಚಿ ಬೆಲೆ: 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಸರಕಾರವು ಪ್ರದೇಶವಾರು ನಿಗದಿಪಡಿಸುವ ಬೆಲೆ. ಮುದ್ರಾಂಕ ಶುಲ್ಕದ ಲೆಕ್ಕಾಚಾರಕ್ಕೆ ಇದು ಆಧಾರ.

ಬ್ಯಾಂಕಿನ ಮೌಲ್ಯ: ಖರೀದಿದಾರನಿಗೆ ಸಾಲ ನೀಡುವ ಬ್ಯಾಂಕು ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಪಡೆಯುವ ಮೌಲ್ಯ. ಸಾಲದ ಸುರಕ್ಷತೆಯೇ ಇದರ ಉದ್ದೇಶವಾದುದರಿಂದ ಇದು ಮಾತುಕತೆಯ ಬೆಲೆಗಿಂತ ಕಡಿಮೆಯಿರುವುದುಂಟು.

ಮಾರಾಟಗಾರನು ಮುಂಚಿತವಾಗಿಯೇ ಸ್ವಂತ ವರದಿಯನ್ನು ಪಡೆದಿದ್ದರೆ ಬ್ಯಾಂಕಿನ ಮೌಲ್ಯ ಏಕೆ ಕಡಿಮೆಯಾಯಿತೆಂಬುದನ್ನು ಹೋಲಿಸಿ ತಿಳಿಯಲು ಸಾಧ್ಯ. 1957ರ ಸಂಪತ್ತು ತೆರಿಗೆ ಕಾಯ್ದೆಯಡಿ ನೋಂದಾಯಿತರಾದವರು ಹಾಗೂ ಕಂಪನಿ ಕಾಯ್ದೆಯ ಸಂಬಂಧದಲ್ಲಿ 2017ರಲ್ಲಿ ಬಂದ ನಿಯಮಗಳಡಿ ನೋಂದಾಯಿತರಾದವರು ಎಂಬ ಎರಡು ವರ್ಗದ ಮೌಲ್ಯಮಾಪಕರು ದೇಶದಲ್ಲಿದ್ದಾರೆ. ವರದಿಯು ಯಾವ ಉದ್ದೇಶಕ್ಕೆಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು. ದಲ್ಲಾಳಿಯು ಬಾಯಿಮಾತಿನಲ್ಲಿ ಹೇಳುವ ಬೆಲೆಯನ್ನು ಮೌಲ್ಯಮಾಪನವೆಂದು ಪರಿಗಣಿಸಲಾಗದು.

ಲೆಕ್ಕದ ಕ್ರಮ

ಸ್ವತಂತ್ರ ಮನೆಗಳಿಗೆ ಸಾಮಾನ್ಯವಾಗಿ ಭೂಮಿ ಮತ್ತು ಕಟ್ಟಡಗಳನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ ಕೂಡಿಸುವ ವಿಧಾನವನ್ನು ಅನುಸರಿಸಲಾಗುತ್ತದೆ. ಮಂಗಳೂರಿನಲ್ಲಿ ಭೂಮಿಯ ವ್ಯವಹಾರ ಸೆಂಟ್ಸ್‌ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಸೆಂಟ್ಸ್‌ ಎಂದರೆ 435.6 ಚದರ ಅಡಿ. 100 ಸೆಂಟ್ಸ್‌ಗೆ ಒಂದು ಎಕರೆ. ಕಟ್ಟಡಕ್ಕೆ ಇಂದಿನ ನಿರ್ಮಾಣ ವೆಚ್ಚವನ್ನು ಹಿಡಿದು, ಅದರ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯಲಾಗುತ್ತದೆ.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. 8 ಸೆಂಟ್ಸ್‌ ಜಾಗದಲ್ಲಿ 1,200 ಚದರ ಅಡಿಯ, 20 ವರ್ಷ ಹಳೆಯ ಮನೆಯಿದೆ ಎಂದುಕೊಳ್ಳೋಣ. ಸೆಂಟ್ಸ್‌ಗೆ 10 ಲಕ್ಷ ರೂಪಾಯಿಯಂತೆ ಭೂಮಿಯ ಬೆಲೆ 80 ಲಕ್ಷ. ಚದರ ಅಡಿಗೆ 2,000 ರೂಪಾಯಿಯಂತೆ ಕಟ್ಟಡದ ಹೊಸ ವೆಚ್ಚ 24 ಲಕ್ಷ. ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇಕಡ 10 ಎಂದು ಹಿಡಿದರೆ 20 ವರ್ಷಗಳ ಸವಕಳಿ ಶೇಕಡ 30, ಅಂದರೆ 7.2 ಲಕ್ಷ. ಕಟ್ಟಡದ ಉಳಿದ ಮೌಲ್ಯ 16.8 ಲಕ್ಷ; ಒಟ್ಟು 96.8 ಲಕ್ಷ.

ಈ ಲೆಕ್ಕದಲ್ಲಿ ಹೊಸ ಬಣ್ಣಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೆ ಅರ್ಧ ಸೆಂಟ್ಸ್‌ ಜಾಗ ಹಿಂದೆಯೇ ರಸ್ತೆಗೆ ಹೋಗಿದ್ದು ಅಳತೆಯಲ್ಲಿ 7.5 ಸೆಂಟ್ಸ್‌ ಮಾತ್ರ ಸಿಕ್ಕಿದರೆ ಬೆಲೆ ಒಮ್ಮೆಲೇ 5 ಲಕ್ಷ ಇಳಿಯುತ್ತದೆ. ಆದ್ದರಿಂದ ಸಿದ್ಧತೆಯಲ್ಲಿ ದಾಖಲೆ ಮತ್ತು ಅಳತೆ ಮೊದಲು, ದುರಸ್ತಿ ಅನಂತರ, ಅಲಂಕಾರ ಕೊನೆಗೆ ಬರುತ್ತದೆ.

ಭೂಮಿ ಮತ್ತು ದಾಖಲೆಗಳ ಸಿದ್ಧತೆ

1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಸೇರುವವರೆಗೆ ಈ ಜಿಲ್ಲೆ ಮದರಾಸು ಆಡಳಿತದಲ್ಲಿತ್ತು. ಆ ಕಾಲದ ಹಿಡುವಳಿ ಪದ್ಧತಿಗಳ ಕುರುಹು ಇಂದಿನ ದಾಖಲೆಗಳಲ್ಲಿಯೂ ಉಳಿದಿದೆ.

ಮೂಲಗೇಣಿ: ನಿಗದಿತ ಗೇಣಿಗೆ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುವ ಶಾಶ್ವತ ಹಕ್ಕು. ಮೂಲಗೇಣಿದಾರನು ಮಾರುವುದು ಭೂಮಿಯ ಪೂರ್ಣ ಒಡೆತನವನ್ನಲ್ಲ, ತನ್ನ ಗೇಣಿ ಹಕ್ಕನ್ನು ಮಾತ್ರ. ಇಂತಹ ಗೇಣಿದಾರರಿಗೆ ಒಡೆತನ ನೀಡುವ ಉದ್ದೇಶದಿಂದ ಕರ್ನಾಟಕವು 2011ರಲ್ಲಿ ಕಾಯ್ದೆಯೊಂದನ್ನು ರೂಪಿಸಿತು. ಭೂಮಿ ವರ್ಗ ಹಕ್ಕಿನದೋ ಮೂಲಗೇಣಿಯದೋ ಎಂಬುದನ್ನು ಮೂಲಪತ್ರದಿಂದ ಖಚಿತಪಡಿಸಿಕೊಳ್ಳದಿದ್ದರೆ ಮೌಲ್ಯಮಾಪನ ದಾರಿತಪ್ಪುತ್ತದೆ.

ಕುಮ್ಕಿ: ವರ್ಗ ಭೂಮಿಗೆ ಹೊಂದಿಕೊಂಡಿರುವ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಮೊದಲಾದವನ್ನು ಪಡೆಯುವ ಸೌಲಭ್ಯ. ನಗರದ ಹೊರವಲಯದಲ್ಲಿ ಇಂತಹ ಜಾಗ ಆವರಣದೊಳಗೆ ಸೇರಿರುವುದುಂಟು. ಅದನ್ನು ಸ್ವಂತ ವಿಸ್ತೀರ್ಣದಲ್ಲಿ ಎಣಿಸುವಂತಿಲ್ಲ.

ಕೂಡುಕುಟುಂಬದ ಹಕ್ಕು: ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಹಕ್ಕುದಾರರ ಸಂಖ್ಯೆ ದೊಡ್ಡದಿರಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಸದಸ್ಯರ ಪಾಲುಗಳು ವೈಯಕ್ತಿಕ ಉತ್ತರಾಧಿಕಾರಕ್ಕೆ ಒಳಪಟ್ಟವು. ಪಾಲುಪಟ್ಟಿಯಿಲ್ಲದ ಮನೆಗೆ ಎಲ್ಲ ಹಕ್ಕುದಾರರ ಒಪ್ಪಿಗೆ ಅಗತ್ಯ. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ಕಳುಹಿಸಬಹುದು. ಆವರಣದಲ್ಲಿ ನಾಗಬನ ಅಥವಾ ದೈವದ ಗುಡಿಯಿದ್ದರೆ ಅದರ ಜಾಗವನ್ನೂ ದಾರಿಯನ್ನೂ ಮಾರಾಟದಲ್ಲಿ ಸೇರಿಸಬೇಕೇ ಬೇಡವೇ ಎಂಬುದನ್ನು ಅಳತೆಗೆ ಮುನ್ನವೇ ಕುಟುಂಬದವರು ತೀರ್ಮಾನಿಸುವುದು ಉಚಿತ.

ಮೌಲ್ಯಮಾಪಕರ ಮುಂದಿಡಬೇಕಾದ ದಾಖಲೆಗಳು ಸಾಮಾನ್ಯವಾಗಿ ಇವು:

ಕ್ರಯಪತ್ರ, ವಿಭಾಗಪತ್ರ, ಉಯಿಲು ಮೊದಲಾದ ಮೂಲಪತ್ರಗಳು
ಪಹಣಿ ಮತ್ತು ಸರ್ವೆ ನಕ್ಷೆ
ಯುಪಿಒಆರ್ ಯೋಜನೆಯಡಿ ದೊರೆತ ಪ್ರಾಪರ್ಟಿ ಕಾರ್ಡ್ ಇದ್ದರೆ ಅದು
ಮಹಾನಗರಪಾಲಿಕೆಯ ಖಾತಾ ಅಥವಾ ಇ-ಖಾತಾ ಮತ್ತು ಆಸ್ತಿ ತೆರಿಗೆಯ ರಶೀದಿಗಳು
ಕೃಷಿಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ
ನಗರಾಭಿವೃದ್ಧಿ ಪ್ರಾಧಿಕಾರದ ಏಕನಿವೇಶನ ವಿನ್ಯಾಸ ಅನುಮೋದನೆ
ಕಟ್ಟಡ ಪರವಾನಿಗೆ, ಅನುಮೋದಿತ ನಕ್ಷೆ, ಪೂರ್ಣತಾ ಪ್ರಮಾಣಪತ್ರ
ಋಣಭಾರ ಪ್ರಮಾಣಪತ್ರ, ಸಾಲವಿದ್ದರೆ ಬ್ಯಾಂಕಿನ ಬಾಕಿ ಪತ್ರ

ಇವುಗಳಲ್ಲಿರುವ ಹೆಸರು, ಸರ್ವೆ ನಂಬ್ರ, ಮನೆ ನಂಬ್ರ ಮತ್ತು ವಿಸ್ತೀರ್ಣ ಪರಸ್ಪರ ಹೊಂದಬೇಕು. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದಾದುದರಿಂದ ಇದನ್ನು ಮೊದಲು ಆರಂಭಿಸಬೇಕು. ನೇತ್ರಾವತಿ, ಫಲ್ಗುಣಿ ನದಿಗಳ ಅಥವಾ ಕಡಲಿನ ಸಮೀಪದ ಜಾಗವಾಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧವನ್ನೂ ಪರಿಶೀಲಿಸಬೇಕಾಗುತ್ತದೆ.

ಕಟ್ಟಡದ ಸಿದ್ಧತೆ

ಮಾಡು: ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಹೆಂಚಿನ ಮಾಡು ಈ ನಗರದ ಗುರುತಾಯಿತು. ಹೆಂಚಿನ ಬೆನ್ನಿನಲ್ಲಿ 1865 ಎಂದು ಒತ್ತಿರುವುದನ್ನು ಕಂಡು ಮನೆಯೇ ಅಷ್ಟು ಹಳೆಯದೆಂದು ಭಾವಿಸುವವರಿದ್ದಾರೆ. ಅದು ಕಾರ್ಖಾನೆಯ ಸ್ಥಾಪನೆಯ ವರ್ಷ. ಮನೆಯ ವಯಸ್ಸಿಗೆ ಪರವಾನಿಗೆ ಮತ್ತು ತೆರಿಗೆ ದಾಖಲೆಗಳೇ ಆಧಾರ. ಬೇಸಗೆಯಲ್ಲಿ ಹೆಂಚು ಕೈಯಾಡಿಸಿ, ಒಡೆದವನ್ನು ಬದಲಾಯಿಸಿ, ಪಕಾಸು ಮತ್ತು ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡಬೇಕು. ಕಾಂಕ್ರೀಟ್ ತಾರಸಿಯ ಮೇಲೆ ಮಳೆತಡೆಗೆ ಹಾಕಿದ ತಗಡಿನ ಮಾಡನ್ನು ಸಾಮಾನ್ಯವಾಗಿ ಒಂದು ಅಂತಸ್ತೆಂದು ಲೆಕ್ಕಿಸುವುದಿಲ್ಲ.

ಗೋಡೆ: ಮುರಕಲ್ಲು ನೀರನ್ನು ಹೀರುವ ಗುಣವುಳ್ಳದ್ದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಲುಕಿ ಗಿಲಾಯಿ ಉದುರುವುದುಂಟು. ತೇವದ ಮೂಲವನ್ನು ಸರಿಪಡಿಸದೆ ಬಣ್ಣ ಬಳಿದರೆ ಒಂದೇ ಮಳೆಗಾಲದಲ್ಲಿ ಕಲೆ ಮರಳುತ್ತದೆ.

ನೀರು: ನಗರಕ್ಕೆ ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು ಪೂರೈಕೆಯಾಗುತ್ತದೆ. ಆದರೂ ಎಪ್ರಿಲ್–ಮೇ ತಿಂಗಳಿನಲ್ಲಿ ಬತ್ತದ ಬಾವಿಯು ಮನೆಯ ಆಕರ್ಷಣೆಯನ್ನು ಹೆಚ್ಚಿಸುತ್ತದೆ. ಬಾವಿಯ ಕೆಸರು ತೆಗೆಸಿ, ನೀರಿನ ಪರೀಕ್ಷಾ ವರದಿಯನ್ನು ಇಟ್ಟುಕೊಳ್ಳುವುದು ಉಪಯುಕ್ತ.

ನೆಲ: ಗುಡ್ಡ ಕಡಿದು ಕಟ್ಟಿದ ಮನೆಗಳಲ್ಲಿ ತಡೆಗೋಡೆಯ ಬಿರುಕು ಹಾಗೂ ಅದರ ನೀರುಗಂಡಿಗಳನ್ನು ಮೌಲ್ಯಮಾಪಕರು ಗಮನಿಸುತ್ತಾರೆ. ಕೊಟ್ಟಾರ ಚೌಕಿಯಂತಹ ತಗ್ಗು ಪ್ರದೇಶಗಳಲ್ಲಿ ಮಳೆನೀರು ನಿಲ್ಲುವುದು ಬೆಲೆಯ ಮೇಲೆ ಪರಿಣಾಮ ಬೀರುವ ಅಂಶ.

ಬಹುಮಹಡಿ ವಸತಿಗಳಲ್ಲಿ ಭೂಮಿಯ ಅವಿಭಜಿತ ಪಾಲು, ಕಾರ್ಪೆಟ್ ವಿಸ್ತೀರ್ಣ, ವಾಹನ ನಿಲುಗಡೆಯ ಹಕ್ಕು ಮತ್ತು ನಿವಾಸಿಗಳ ಸಂಘದ ಬಾಕಿಯಿಲ್ಲದ ಪತ್ರ ಮುಖ್ಯವಾಗುತ್ತವೆ.

ಪರಿಶೀಲನೆಯ ದಿನ

ಎಲ್ಲ ಕೋಣೆಗಳ, ಅಟ್ಟದ ಮತ್ತು ಹೊರಕಟ್ಟಡಗಳ ಬಾಗಿಲು ತೆರೆದಿರಬೇಕು. ಗಡಿಕಲ್ಲುಗಳು ಕಾಣುವಂತೆ ಗಿಡಗಂಟಿಗಳನ್ನು ಕಡಿಸಬೇಕು. ಮಾಡು, ವಿದ್ಯುತ್ ತಂತಿ, ಕೊಳವೆ ಮೊದಲಾದವುಗಳ ದುರಸ್ತಿಯ ವರ್ಷ ಹಾಗೂ ವೆಚ್ಚದ ಪಟ್ಟಿಯೊಂದನ್ನು ರಶೀದಿಗಳೊಂದಿಗೆ ನೀಡಿದರೆ ಕಟ್ಟಡದ ಉಳಿದ ಆಯುಷ್ಯವನ್ನು ನಿರ್ಧರಿಸಲು ಅನುಕೂಲ. ಸಾಮಾನುಗಳನ್ನು ಗೋಡೆಯಿಂದ ಸರಿಸಿಟ್ಟರೆ ಅಳತೆ ಸುಲಭವಾಗುತ್ತದೆ.

ದೋಷ ತಿಳಿಸುವ ಹೊಣೆ

ಸಿದ್ಧತೆಯೆಂದರೆ ಮರೆಮಾಚುವಿಕೆಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಪ್ರಕರಣದಂತೆ, ತನಗೆ ತಿಳಿದಿದ್ದು ಖರೀದಿದಾರನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮಹತ್ವದ ದೋಷವನ್ನು ಮಾರಾಟಗಾರನು ತಿಳಿಸಬೇಕು. ಇದು ಕಟ್ಟಡಕ್ಕೂ ಹಕ್ಕಿಗೂ ಅನ್ವಯಿಸುತ್ತದೆ. ಮೊದಲೇ ಹೇಳಿದ ದೋಷವು ಬೆಲೆಯಲ್ಲಿ ಒಂದಿಷ್ಟು ಇಳಿಕೆಯನ್ನಷ್ಟೇ ತರಬಹುದು. ಮುಚ್ಚಿಟ್ಟು ಮುಂಗಡ ಪಡೆದ ಮೇಲೆ ಬಯಲಾದರೆ ವ್ಯವಹಾರವೇ ಮುರಿದು ವ್ಯಾಜ್ಯಕ್ಕೆ ಕಾರಣವಾಗಬಹುದು.

ತೆರಿಗೆಯ ಸಂಬಂಧ

2001ರ ಎಪ್ರಿಲ್ 1ಕ್ಕೆ ಮೊದಲು ಪಡೆದ ಮನೆಗೆ ಬಂಡವಾಳ ಲಾಭದ ಲೆಕ್ಕದಲ್ಲಿ ಆ ದಿನಾಂಕದ ನ್ಯಾಯಯುತ ಬೆಲೆಯನ್ನು ಮೂಲ ವೆಚ್ಚವೆಂದು ಆರಿಸಿಕೊಳ್ಳಲು ಅವಕಾಶವಿದೆ. ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಹಿರಿಯರಿಂದ ಬಂದ ಮನೆಗಳಿಗೆ ಇದು ವಿಶೇಷವಾಗಿ ಪ್ರಸ್ತುತ. ಆದುದರಿಂದ ಇಂದಿನ ಬೆಲೆಯ ವರದಿಯೊಡನೆ 2001ರ ಬೆಲೆಯ ವರದಿಯನ್ನೂ ನೋಂದಾಯಿತ ಮೌಲ್ಯಮಾಪಕರಿಂದ ಪಡೆಯುವ ರೂಢಿಯಿದೆ.

ಇವನ್ನೂ ನೋಡಿ

ಮಂಗಳೂರು ಹೆಂಚು
ಮೂಲಗೇಣಿ
ಅಳಿಯಸಂತಾನ ಪದ್ಧತಿ
ಮುರಕಲ್ಲು
ಮಂಗಳೂರು ಮಹಾನಗರಪಾಲಿಕೆ